ಶುಗರ್ ಚೀಟಿಯಲ್ಲಿ ಏನು ಬರೆದಿದೆ? ಒಂದೇ ನಂಬರ್ ನೋಡಿ ಗುಳಿಗೆ ಬಿಡಬೇಡಿ, ಶುರುನೂ ಮಾಡಬೇಡಿ

ತಿಂಥಣಿ (ಸುರಪುರ ತಾ.): ಇಲ್ಲಿನ ಒಬ್ಬ ಕಿರಾಣಿ ಅಂಗಡಿ ಮಾಲೀಕರು ಅಂತ ಇಟ್ಕೊಳ್ಳಿ. ವಯಸ್ಸು 46. ಮೌನೇಶ್ವರ ಜಾತ್ರೆ ಟೈಮಿನಲ್ಲಿ ಯಾರೋ ಹಾಕಿದ್ದ ಉಚಿತ ತಪಾಸಣೆ ಟೇಬಲ್‌ನಲ್ಲಿ ಬೆರಳು ಚುಚ್ಚಿಸಿಕೊಂಡರು. ಮೀಟರ್ 168 ತೋರಿಸಿತು. ವಾರದ ನಂತರ ಊರಿಗೆ ಬೈಕ್ ಮೇಲೆ ಬರುವ ಲ್ಯಾಬ್ ಹುಡುಗನಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರು. ರಿಪೋರ್ಟ್ 118 ಅಂತ ಬಂತು. ಮತ್ತೊಂದು ತಿಂಗಳಿಗೆ ಮದುವೆಗೆಂದು ಕಲಬುರಗಿಗೆ ಹೋದಾಗ ಮಗ ಎಚ್‌ಬಿಎ1ಸಿ ಮಾಡಿಸಿದ. ಅದು ಶೇ 7.4.

ಮನೆಯಲ್ಲಿ ಈಗ ಮೂರು ಚೀಟಿ, ಮೂರು ಮಾತು. ಹೆಂಡತಿ 'ಶುಗರ್ ಐತಿ' ಅಂತಾರೆ. ಅಂಗಡಿ ಮುಂದೆ ಕೂಡೋ ಗೆಳೆಯ 'ಬಾರ್ಡರ್ ಅದ, ಹೆದರಬ್ಯಾಡ' ಅಂತಾನೆ. ಮಾಲೀಕರು ಮಾತ್ರ 'ಮೂರು ಕಡೆ ಮೂರು ಥರ ಬರ್ತದ ಅಂದ್ರ ಈ ಲ್ಯಾಬಿನವರದ್ದು ಎಲ್ಲಾ ಸುಳ್ಳು' ಅಂತ ಚೀಟಿಗಳನ್ನು ಗಲ್ಲಾಪೆಟ್ಟಿಗೆ ಕೆಳಗೆ ತುರುಕಿ ಚಾ ಕುಡಿಯೋಕೆ ಹೋಗ್ತಾರೆ.

ಇದು ನಮ್ಮ ತಾಲ್ಲೂಕಿನ ಯಾವ ಊರಿನಲ್ಲಾದರೂ ನಡೆಯೋ ಮಾತು. ನಿಜ ಏನೆಂದರೆ ಆ ಮೂರು ಪರೀಕ್ಷೆ ಕೇಳಿದ ಪ್ರಶ್ನೆಗಳೇ ಬೇರೆ ಬೇರೆ. ಮೂರನ್ನೂ ಓದೋದು ಗೊತ್ತಿದ್ದರೆ ಮುಂದೇನು ಮಾಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ವಯಸ್ಕರ ಲೆಕ್ಕದಲ್ಲಿ ಶೇ 11.4. ಇನ್ನೂ ಸುಮಾರು 13.6 ಕೋಟಿ ಜನ 'ಬಾರ್ಡರ್' ಅಂತ ನಾವು ಕರೆಯೋ ಪೂರ್ವ ಮಧುಮೇಹದಲ್ಲಿದ್ದಾರೆ. ಇದು ಪಟ್ಟಣದವರ, ಕುಂತು ತಿನ್ನೋರ ರೋಗ ಅನ್ನೋ ಮಾತು ಈಗ ಹಳೇದಾಯ್ತು.

ಸಕ್ಕರೆ ಕಾಯಿಲೆ ಶುರುವಿನಲ್ಲಿ ನೋಯೋದಿಲ್ಲ. ಹಲ್ಲುನೋವು ಬಂದರೆ ರಾತ್ರಿನೇ ದವಾಖಾನೆ ಹುಡುಕುತ್ತೇವೆ. ಇದು ಹಾಗಲ್ಲ, ವರ್ಷಗಟ್ಟಲೆ ಸುಮ್ಮನಿದ್ದು ಒಳಗೆ ಕಣ್ಣಿನ ಪರದೆ, ಮೂತ್ರಪಿಂಡ, ಕಾಲಿನ ನರ, ಹೃದಯದ ರಕ್ತನಾಳ ಕೆಡಿಸ್ತಾ ಹೋಗುತ್ತದೆ. ಅಷ್ಟು ದಿನ ಅದನ್ನು ಹಿಡಿಯೋಕೆ ಇರೋದು ರಕ್ತ ಪರೀಕ್ಷೆ ಒಂದೇ. ಅದಕ್ಕೇ ಚೀಟಿ ಮೇಲಿನ ನಂಬರ್ ಸರಿಯಾಗಿ ಬರಬೇಕು, ಅದನ್ನು ಸರಿಯಾಗಿ ಓದಲೂಬೇಕು.

ಚೀಟಿ ಮೇಲಿನ ಹೆಸರುಗಳು

ಮೊದಲು ನಂಬರ್ ನೋಡಬೇಡಿ. ಅದರ ಪಕ್ಕದಲ್ಲಿ ಯಾವ ಪರೀಕ್ಷೆ ಅಂತ ಬರೆದಿದೆ ನೋಡಿ.

* ಎಫ್‌ಬಿಎಸ್: ಖಾಲಿ ಹೊಟ್ಟೆಯ ಸಕ್ಕರೆ. ರಾತ್ರಿಯಿಡೀ ಏನೂ ತಿನ್ನದೆ ಮುಂಜಾನೆ ತೆಗೆದದ್ದು.
* ಪಿಪಿಬಿಎಸ್: ಊಟ ಅಥವಾ ನಾಷ್ಟಾ ಆದ 2 ತಾಸಿಗೆ ತೆಗೆದದ್ದು.
* ಆರ್‌ಬಿಎಸ್: ಯಾವ ಹೊತ್ತಿಗಾದರೂ, ತಿಂದಿರಲಿ ಬಿಡಲಿ, ಆಗಿಂದಾಗ ತೆಗೆದದ್ದು. ಶಿಬಿರಗಳಲ್ಲಿ ಸಾಮಾನ್ಯವಾಗಿ ಮಾಡೋದು ಇದನ್ನೇ.
* ಒಜಿಟಿಟಿ: 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕದಡಿ ಕುಡಿಸಿ, 2 ತಾಸಿಗೆ ತೆಗೆದದ್ದು.
* ಎಚ್‌ಬಿಎ1ಸಿ: ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ. ಇದನ್ನು ಶೇಕಡಾದಲ್ಲಿ ಬರೆದಿರುತ್ತಾರೆ.

ಮೊದಲ ನಾಲ್ಕನ್ನು ಮಿ.ಗ್ರಾಂ. ಲೆಕ್ಕದಲ್ಲಿ ಬರೆಯುತ್ತಾರೆ. ಅಂದರೆ 100 ಮಿ.ಲೀ. ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಗ್ಲುಕೋಸ್ ಇದೆ ಅಂತ. ಹಾಗಾಗಿ '7.4' ಮತ್ತು '168' ಎರಡನ್ನೂ ಪಕ್ಕ ಪಕ್ಕ ಇಟ್ಟು ಯಾವುದು ಜಾಸ್ತಿ ಅಂತ ಕೇಳೋದು, ಕಿಲೋ ಮತ್ತು ಲೀಟರ್ ಹೋಲಿಸಿದ ಹಾಗೆ.

ಶುಗರ್ ಇದೆಯೋ ಇಲ್ಲವೋ: ಗಡಿ ಅಂಕಿಗಳು

ಖಾಲಿ ಹೊಟ್ಟೆ (ಎಫ್‌ಬಿಎಸ್): 100ರ ಒಳಗೆ ಸರಿ. 100ರಿಂದ 125 ಪೂರ್ವ ಮಧುಮೇಹ. 126 ಅಥವಾ ಹೆಚ್ಚು ಮಧುಮೇಹ.

ಗ್ಲುಕೋಸ್ ಕುಡಿದ 2 ತಾಸಿಗೆ (ಒಜಿಟಿಟಿ): 140ರ ಒಳಗೆ ಸರಿ. 140ರಿಂದ 199 ಪೂರ್ವ ಮಧುಮೇಹ. 200 ಅಥವಾ ಹೆಚ್ಚು ಮಧುಮೇಹ.

ಎಚ್‌ಬಿಎ1ಸಿ: ಶೇ 5.7ರ ಒಳಗೆ ಸರಿ. 5.7ರಿಂದ 6.4 ಪೂರ್ವ ಮಧುಮೇಹ. 6.5 ಅಥವಾ ಹೆಚ್ಚು ಮಧುಮೇಹ.

ಯಾವುದೇ ಹೊತ್ತಿನ ಪರೀಕ್ಷೆ (ಆರ್‌ಬಿಎಸ್): 200 ಅಥವಾ ಹೆಚ್ಚಿದ್ದು, ಜೊತೆಗೆ ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಕಾರಣ ಇಲ್ಲದೆ ತೂಕ ಇಳಿಯೋದು ಇದ್ದರೆ ಮಧುಮೇಹ ಅಂತ ಲೆಕ್ಕ.

ವಿಶ್ವ ಆರೋಗ್ಯ ಸಂಸ್ಥೆ ಖಾಲಿ ಹೊಟ್ಟೆಯ 'ಬಾರ್ಡರ್' ಅನ್ನು 100ರ ಬದಲು 110ರಿಂದ ಶುರು ಮಾಡುತ್ತದೆ. ಅದಕ್ಕೇ ಒಂದು ಕಡೆ 105ಕ್ಕೆ 'ಬಾರ್ಡರ್' ಅಂದರೆ ಇನ್ನೊಂದು ಕಡೆ 'ಸರಿ ಇದೆ' ಅನ್ನಬಹುದು. ಆದರೆ 126ರ ಗೆರೆ ಎಲ್ಲರಿಗೂ ಒಂದೇ.

ಇನ್ನೊಂದು ಮುಖ್ಯ ಮಾತು. ಬಾಯಾರಿಕೆ, ಮೂತ್ರ ಇಂಥ ಲಕ್ಷಣ ಇಲ್ಲದವರಿಗೆ ಒಂದೇ ರಿಪೋರ್ಟ್ ಮೇಲೆ ಮಧುಮೇಹ ಅಂತ ಹಣೆಪಟ್ಟಿ ಹಚ್ಚೋ ಹಾಗಿಲ್ಲ. ಎರಡು ರಿಪೋರ್ಟ್ ಗೆರೆ ದಾಟಿರಬೇಕು. ಒಂದೇ ದಿನ ತೆಗೆದ ಎರಡು ಬೇರೆ ಪರೀಕ್ಷೆ ಆದರೂ ನಡೀತದೆ, ಬೇರೆ ದಿನ ಮತ್ತೆ ಮಾಡಿಸಿದ ಅದೇ ಪರೀಕ್ಷೆ ಆದರೂ ನಡೀತದೆ. ಒಂದು ದಾಟಿ ಇನ್ನೊಂದು ದಾಟದಿದ್ದರೆ, ದಾಟಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕು.

ಈಗ ನಮ್ಮ ಅಂಗಡಿಯವರ ಚೀಟಿಗೆ ಬನ್ನಿ. ಜಾತ್ರೆಯ 168 ಯಾವುದೇ ಹೊತ್ತಿನದ್ದು. ಮಿರ್ಚಿ ಭಜಿ, ಚಾ ಆದ ಮೇಲಿನ 168 ಮಧುಮೇಹ ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. 'ಲ್ಯಾಬಿಗೆ ಹೋಗು' ಅಂತ ಮಾತ್ರ ಹೇಳುತ್ತದೆ. ಸರ್ಕಾರದ ತಪಾಸಣೆಯಲ್ಲೂ ಯಾವುದೇ ಹೊತ್ತಿನ ಸಕ್ಕರೆ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಖಾಲಿ ಹೊಟ್ಟೆಯ 118 'ಬಾರ್ಡರ್'. ಎಚ್‌ಬಿಎ1ಸಿ 7.4 ಮಾತ್ರ ಗೆರೆ ದಾಟಿದೆ. ಹಾಗಾಗಿ ಅವರು ಮಾಡಬೇಕಾದ್ದು ಗೆಳೆಯನ ಮಾತು ಕೇಳೋದಲ್ಲ, ಎಚ್‌ಬಿಎ1ಸಿ ಇನ್ನೊಂದು ಸಲ ಮಾಡಿಸೋದು. ಜೊತೆಗೆ ಆ 118 ಯಾಕೆ ಕಡಿಮೆ ಬಂತು ಅನ್ನೋದಕ್ಕೂ ಒಂದು ಕಾರಣ ಇರಬಹುದು. ಅದು ಮುಂದೆ ಇದೆ.

'ಖಾಲಿ ಹೊಟ್ಟೆ' ಅಂದರೆ ಎಷ್ಟು ಖಾಲಿ?

ಕನಿಷ್ಠ 8 ತಾಸು ಏನೂ ತಿಂದಿರಬಾರದು. ನೀರು ಕುಡಿಯಬಹುದು. ಚಾ, ಹಾಲು, ಬಿಸ್ಕೀಟು ಬೇಡ. 'ಸಕ್ಕರಿ ಇಲ್ಲದ ಚಾ' ಕೂಡ ಬೇಡ, ಹಾಲಿನಲ್ಲೂ ಸಕ್ಕರೆ ಅಂಶ ಇರುತ್ತೆ. ಎಲೆ ಅಡಿಕೆ, ಗುಟ್ಕಾ, ಬೀಡಿನೂ ರಕ್ತ ಕೊಡೋ ತನಕ ಬೇಡ.

ಬಸ್ ಹಿಡಿದು ಸುರಪುರಕ್ಕೋ ಲಿಂಗಸುಗೂರಿಗೋ ಹೋಗಿ, ಪಾಳಿ ಹಚ್ಚಿ, 12 ಗಂಟೆಗೆ ರಕ್ತ ಕೊಟ್ಟರೆ ಅದು ಸರಿಯಾದ ಖಾಲಿ ಹೊಟ್ಟೆ ಅಲ್ಲ. ರಾತ್ರಿ 8ಕ್ಕೆ ಉಂಡವರಿಗೆ ಆಗ 16 ತಾಸು ಉಪವಾಸ ಆಗಿರುತ್ತೆ. ಸಕ್ಕರೆ ಗುಳಿಗೆ ನುಂಗೋರಿಗೆ, ಇನ್ಸುಲಿನ್ ತಗೊಳ್ಳೋರಿಗೆ ಅಪಾಯನೂ ಹೌದು. ಅಷ್ಟು ದೂರದಿಂದ ಹೋಗೋರು ಮೊದಲ ಬಸ್ಸಿಗೆ ಹೋಗಬೇಕು, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇಟ್ಟುಕೊಂಡಿರಬೇಕು. ಮುಂಜಾನೆಯ ಗುಳಿಗೆ, ಇನ್ಸುಲಿನ್ ರಕ್ತ ಕೊಡೋಕೂ ಮೊದಲೋ ಆಮೇಲೋ ಅನ್ನೋದನ್ನು ಹಿಂದಿನ ದಿನವೇ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ನಮ್ಮಲ್ಲಿ ಇನ್ನೊಂದು ಚಾಳಿ ಇದೆ. ನಾಳೆ ಚೆಕಪ್ ಅಂದರೆ ಎರಡು ದಿನ ಮೊದಲಿಂದ ಅನ್ನ ಬಿಡೋದು, ರಾತ್ರಿ ಅರ್ಧ ರೊಟ್ಟಿ ತಿನ್ನೋದು. ರಿಪೋರ್ಟ್ ಚಲೋ ಬರುತ್ತೆ, ಡಾಕ್ಟರ್ 'ಗುಡ್' ಅಂತಾರೆ, ಮನೆಗೆ ಬಂದು ಮತ್ತೆ ಎಲ್ಲಾ ಮೊದಲಿನಂಗೆ. ಪರೀಕ್ಷೆಗೆ ಕಾಪಿ ಹೊಡೆದು ಪಾಸಾದ ಹಾಗೆ ಇದು. ಡಾಕ್ಟರ್ ಆ ಸುಳ್ಳು ನಂಬರ್ ನೋಡಿ ಗುಳಿಗೆ ಕಡಿಮೆ ಮಾಡಿದರೆ ನಷ್ಟ ನಮಗೇ.

2 ತಾಸಿನ ಲೆಕ್ಕ ಎಲ್ಲಿಂದ?

ಊಟ ಮುಗಿಸಿ ಕೈ ತೊಳೆದಾಗಿನಿಂದ ಅಲ್ಲ. ಮೊದಲ ತುತ್ತು ಬಾಯಿಗೆ ಹಾಕಿದಾಗಿನಿಂದ. 8:30ಕ್ಕೆ ತಿನ್ನೋಕೆ ಕೂತರೆ 10:30ಕ್ಕೆ ರಕ್ತ ಕೊಡಬೇಕು. ನಡುವೆ ಚಾ ಕುಡಿಯಬಾರದು. ದಿನಕ್ಕೆ ಎಂಟು ಸಲ ಅರ್ಧ ಕಪ್ ಚಾ ಕುಡಿಯೋ ಅಂಗಡಿಯವರು ಇಲ್ಲೇ ಎಡವೋದು.

ಏನು ತಿನ್ನಬೇಕು? ಮನೆಯಲ್ಲಿ ದಿನಾ ಏನು ತಿಂತೀರೋ ಅದೇ. ರೊಟ್ಟಿ-ಪಲ್ಯ ತಿನ್ನೋರು ರೊಟ್ಟಿ-ಪಲ್ಯ, ಒಗ್ಗರಣಿ ತಿನ್ನೋರು ಒಗ್ಗರಣಿ. ಹೋಟೆಲ್‌ನಲ್ಲಿ ಒಂದು ಇಡ್ಲಿ ಮಾತ್ರ ತಿಂದು ಕೊಟ್ಟರೆ ನಿಮ್ಮ ದಿನದ ಊಟಕ್ಕೆ ಸಕ್ಕರೆ ಎಷ್ಟು ಏರುತ್ತೆ ಅಂತ ಗೊತ್ತಾಗಲ್ಲ.

ಈಗಾಗಲೇ ಗುಳಿಗೆ ಅಥವಾ ಇನ್ಸುಲಿನ್ ಮೇಲೆ ಇರೋರು ಊಟದ ನಂತರದ ಪರೀಕ್ಷೆಯ ದಿನ ಅದನ್ನು ಬಿಡಬಾರದು. ಔಷಧ ಕೆಲಸ ಮಾಡ್ತಾ ಇದೆಯೋ ಇಲ್ಲವೋ ಅಂತ ನೋಡೋಕೇ ಆ ಪರೀಕ್ಷೆ ಇರೋದು. 'ಇವತ್ತು ಟೆಸ್ಟ್ ಐತಿ, ಗುಳಿಗಿ ತಗೊಂಡಿಲ್ಲ' ಅಂತ ಬಂದರೆ ನಂಬರ್ ಮೇಲೆ ಹೋಗಿರುತ್ತೆ, ಡೋಸ್ ಏರಿಸೋ ಪರಿಸ್ಥಿತಿ ಬರುತ್ತೆ.

ಎಚ್‌ಬಿಎ1ಸಿ: ಮೂರು ತಿಂಗಳ ಖಾತೆ ಪುಸ್ತಕ

ಅಂಗಡಿಯವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಖಾಲಿ ಹೊಟ್ಟೆಯ ನಂಬರ್ ಇವತ್ತು ಮುಂಜಾನೆ ಗಲ್ಲಾದಲ್ಲಿ ಇದ್ದ ದುಡ್ಡು. ಎಚ್‌ಬಿಎ1ಸಿ ಮೂರು ತಿಂಗಳ ಲೆಕ್ಕದ ಪುಸ್ತಕ. ಒಂದು ದಿನ ಗಲ್ಲಾ ತುಂಬಿಸಿ ತೋರಿಸಬಹುದು, ಪುಸ್ತಕ ತಿದ್ದೋಕಾಗಲ್ಲ.

ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ಇರುತ್ತದೆ. ರಕ್ತದಲ್ಲಿ ಗ್ಲುಕೋಸ್ ಜಾಸ್ತಿ ಇದ್ದಷ್ಟೂ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದ್ದು ಆ ಕಣ ಸಾಯೋವರೆಗೂ ಬಿಡೋದಿಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹೀಗಾಗಿ ನೂರರಲ್ಲಿ ಎಷ್ಟು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಅಂತ ಎಣಿಸಿದರೆ ಹಿಂದಿನ ಎರಡು-ಮೂರು ತಿಂಗಳ ಕಥೆ ಸಿಗುತ್ತದೆ. ಅದರಲ್ಲೂ ಕಳೆದ ಒಂದು ತಿಂಗಳ ಪಾಲು ಹೆಚ್ಚು. ಮಧುಮೇಹ ಇದ್ದವರಲ್ಲಿ ಈ ಬಗೆಯ ಹಿಮೋಗ್ಲೋಬಿನ್ ಜಾಸ್ತಿ ಇರುತ್ತೆ ಅಂತ 1960ರ ದಶಕದ ಕೊನೆಗೆ ಗುರುತಿಸಿದವರು ಇರಾನ್ ಮೂಲದ ವಿಜ್ಞಾನಿ ಸ್ಯಾಮ್ಯುಯಲ್ ರಹಬಾರ್.

ಶೇಕಡಾದಿಂದ ಸರಾಸರಿ ಸಕ್ಕರೆ ಎಷ್ಟು ಅಂತ ಅಂದಾಜು ಹೀಗೆ:

* ಶೇ 6 = ಸರಾಸರಿ 126
* ಶೇ 7 = ಸರಾಸರಿ 154
* ಶೇ 8 = ಸರಾಸರಿ 183
* ಶೇ 9 = ಸರಾಸರಿ 212
* ಶೇ 10 = ಸರಾಸರಿ 240

ಬಹಳಷ್ಟು ಮಧುಮೇಹಿಗಳಿಗೆ ಡಾಕ್ಟರ್ ಇಡೋ ಗುರಿ ಶೇ 7ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ, ಪದೇ ಪದೇ ಸಕ್ಕರೆ ಕುಸಿಯೋರಿಗೆ ಸ್ವಲ್ಪ ಸಡಿಲ ಮಾಡುತ್ತಾರೆ. ಗುರಿ ಮುಟ್ಟದವರು, ಔಷಧ ಬದಲಾದವರು 3 ತಿಂಗಳಿಗೊಮ್ಮೆ, ಹತೋಟಿಯಲ್ಲಿ ಇರೋರು 6 ತಿಂಗಳಿಗೊಮ್ಮೆ ಮಾಡಿಸಬೇಕು. ತಿಂಗಳಿಗೊಮ್ಮೆ ಮಾಡಿಸಿದರೆ ದುಡ್ಡು ದಂಡ.

ದೂರದ ಊರಿನವರಿಗೆ ದೊಡ್ಡ ಅನುಕೂಲ ಅಂದರೆ ಇದಕ್ಕೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಉಂಡು, ಹೊಲದ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗಿಯೂ ರಕ್ತ ಕೊಡಬಹುದು. ಎರಡು ಸಲ ಚುಚ್ಚೋದೂ ಇಲ್ಲ, 2 ತಾಸು ಕಾಯೋದೂ ಇಲ್ಲ.

ಆದರೆ ರಕ್ತ ಕಡಿಮೆ ಇದ್ದವರು ಹುಷಾರ್

ಎಚ್‌ಬಿಎ1ಸಿ ಕೂಡ ತಪ್ಪು ಹೇಳುವ ಸಂದರ್ಭ ಇವೆ. ಅದು ಹಿಮೋಗ್ಲೋಬಿನ್ ಮೇಲೆ ನಿಂತ ಪರೀಕ್ಷೆ, ಹಿಮೋಗ್ಲೋಬಿನ್ನೇ ಕೆಟ್ಟಿದ್ದರೆ ಲೆಕ್ಕನೂ ಕೆಡುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಜನರಿಗೆ ರಕ್ತಹೀನತೆ ಕಂಡಿತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ ಇದು ಅನ್ವಯ ಆಗುತ್ತದೆ.

ಕಬ್ಬಿಣಾಂಶ ಕಡಿಮೆ ಆಗಿ ಬಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಸಿಕಲ್ ಸೆಲ್, ಥಲಸ್ಸೇಮಿಯಾದಂಥ ತೊಂದರೆ ಇದ್ದರೆ, ಮೂತ್ರಪಿಂಡ ಪೂರ್ತಿ ಕೈಕೊಟ್ಟಿದ್ದರೆ ನಂಬರ್ ಸುಳ್ಳಾಗಬಹುದು, ಹೆಚ್ಚಾಗಿ ಕಡಿಮೆ ಕಡೆಗೆ. ಅಂಥವರು ಎಚ್‌ಬಿಎ1ಸಿ ಒಂದನ್ನೇ ನಂಬದೆ ಖಾಲಿ ಹೊಟ್ಟೆ ಮತ್ತು 2 ತಾಸಿನ ಪರೀಕ್ಷೆ ಮಾಡಿಸಬೇಕು. ಮೊದಲ ಸಲ ಎಚ್‌ಬಿಎ1ಸಿ ಮಾಡಿಸುವಾಗ ಹಿಮೋಗ್ಲೋಬಿನ್ ಪರೀಕ್ಷೆನೂ ಜೊತೆಗೆ ಮಾಡಿಸಿದರೆ ಒಳ್ಳೇದು.

ಟ್ಯೂಬ್, ಬಿಸಿಲು ಮತ್ತು ಬೈಕ್

ಇದು ನಮ್ಮ ಕಡೆಯವರು ಹೆಚ್ಚು ಗಮನ ಕೊಡಬೇಕಾದ ವಿಷಯ. ಸಣ್ಣ ಊರುಗಳಲ್ಲಿ ರಕ್ತ ತೆಗೆಯೋದು ಒಂದು ಕಡೆ, ಪರೀಕ್ಷೆ ಆಗೋದು ಇನ್ನೊಂದು ಕಡೆ. ನಡುವೆ ರಸ್ತೆ, ಬಿಸಿಲು, ಇನ್ನೂ ನಾಲ್ಕು ಮನೆಯ ರಕ್ತ.

ದೇಹದಿಂದ ಹೊರಗೆ ತೆಗೆದ ರಕ್ತದಲ್ಲಿ ಕಣಗಳು ಇನ್ನೂ ಜೀವಂತ ಇರುತ್ತವೆ. ಅವು ಟ್ಯೂಬ್ ಒಳಗೇ ಗ್ಲುಕೋಸ್ ತಿನ್ನುತ್ತಾ ಇರುತ್ತವೆ. ಸಾದಾ ಟ್ಯೂಬಿನಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ತಾಸಿಗೆ ಸುಮಾರು ಶೇ 5ರಿಂದ 7ರಷ್ಟು ಗ್ಲುಕೋಸ್ ಇಳಿಯುತ್ತದೆ. ಬಿಸಿ ಹೆಚ್ಚಾದಷ್ಟೂ ಇನ್ನೂ ಜೋರು. ನಮ್ಮ ಬೇಸಿಗೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿ. ಮುಂಜಾನೆ 7ಕ್ಕೆ ತಿಂಥಣಿಯಲ್ಲಿ ರಕ್ತ ತೆಗೆದಾಗ ನಿಜವಾದ ಸಕ್ಕರೆ 138. ತಾಸಿಗೆ ಶೇ 5 ಇಳಿದರೆ 8ಕ್ಕೆ 131. 9ಕ್ಕೆ ಸುಮಾರು 125. 10ಕ್ಕೆ ಲ್ಯಾಬ್ ಮುಟ್ಟಿ ಮಷಿನ್‌ಗೆ ಹಾಕಿದಾಗ 118. ಮಧುಮೇಹದ ಗೆರೆ 126 ದಾಟಿದ್ದ ಮನುಷ್ಯ ದಾರಿಯಲ್ಲೇ 'ಬಾರ್ಡರ್' ಆಗಿಬಿಟ್ಟ. ನಮ್ಮ ಅಂಗಡಿಯವರ 118ಕ್ಕೂ ಎಚ್‌ಬಿಎ1ಸಿ 7.4ಕ್ಕೂ ತಾಳೆ ಆಗದೆ ಇರೋಕೆ ಇದೂ ಒಂದು ಕಾರಣ ಆಗಿರಬಹುದು. ಲ್ಯಾಬ್ ಮಷಿನ್ ಸುಳ್ಳು ಹೇಳಿಲ್ಲ. ಅದು ತನ್ನ ಮುಂದೆ ಬಂದ ರಕ್ತವನ್ನು ಸರಿಯಾಗೇ ಅಳೆದಿದೆ.

ಇದನ್ನು ತಡೆಯೋಕೇ ಟ್ಯೂಬ್‌ಗಳಿಗೆ ಬಣ್ಣದ ಮುಚ್ಚಳ ಇರೋದು:

* ಬೂದು ಮುಚ್ಚಳ: ಸಕ್ಕರೆ ಪರೀಕ್ಷೆಗೆ. ಒಳಗೆ ಫ್ಲೋರೈಡ್ ಇರುತ್ತೆ, ಕಣಗಳು ಗ್ಲುಕೋಸ್ ತಿನ್ನೋದನ್ನು ನಿಲ್ಲಿಸುತ್ತೆ. ಅದು ಪೂರ್ತಿ ಹಿಡಿತಕ್ಕೆ ಬರೋಕೂ ಒಂದೆರಡು ತಾಸು ಬೇಕು, ಹಾಗಾಗಿ ಐಸ್ ಪೆಟ್ಟಿಗೆನೂ ಇರಬೇಕು.
* ನೇರಳೆ ಮುಚ್ಚಳ: ಎಚ್‌ಬಿಎ1ಸಿ ಮತ್ತು ಹಿಮೋಗ್ಲೋಬಿನ್‌ಗೆ. ಎಚ್‌ಬಿಎ1ಸಿ ತಾಸಿನ ಲೆಕ್ಕದಲ್ಲಿ ಇಳಿಯೋದಿಲ್ಲ, ತಂಪಾಗಿ ಇಟ್ಟರೆ ಕೆಲವು ದಿನ ಕೆಡೋದಿಲ್ಲ. ದೂರ ಕಳಿಸೋಕೆ ಇದೇ ಸುರಕ್ಷಿತ.
* ಕೆಂಪು ಅಥವಾ ಹಳದಿ ಮುಚ್ಚಳ: ಕ್ರಿಯಾಟಿನಿನ್, ಕೊಬ್ಬಿನಂಥ ಪರೀಕ್ಷೆಗೆ.

ಮನೆಗೆ ಬಂದವರು ಸಕ್ಕರೆ ಪರೀಕ್ಷೆಗೆ ಅಂತ ಕೆಂಪು ಮುಚ್ಚಳದ ಒಂದೇ ಟ್ಯೂಬಿಗೆ ರಕ್ತ ಹಾಕಿ, ಜೇಬಿನಲ್ಲಿ ಇಟ್ಟುಕೊಂಡು ಬೈಕ್ ಹತ್ತಿದರೆ ಕೇಳಿ: 'ಅಣ್ಣಾ, ಬೂದು ಮುಚ್ಚಳದ ಟ್ಯೂಬ್ ಇಲ್ಲೇನು? ಯಾವಾಗ ಮುಟ್ಟುತ್ತೆ?' ಕೇಳೋದು ತಪ್ಪಲ್ಲ. ಟ್ಯೂಬ್ ಮೇಲೆ ನಿಮ್ಮ ಹೆಸರು, ರಕ್ತ ತೆಗೆದ ಹೊತ್ತು ನಿಮ್ಮ ಮುಂದೆಯೇ ಬರೆಸಿ. ಒಂದೇ ಊರಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇರ್ತಾರೆ ಅಂತ ಗೊತ್ತಲ್ಲ.

ಲ್ಯಾಬಿನ ಒಳಗೆ ಏನಾಗುತ್ತೆ?

ಬಂದ ರಕ್ತವನ್ನು ಮೊದಲು ಗರಗರ ತಿರುಗಿಸುವ ಸೆಂಟ್ರಿಫ್ಯೂಜ್‌ಗೆ ಹಾಕುತ್ತಾರೆ. ಕಣ ಕೆಳಗೆ ಕೂತು ಮೇಲೆ ತಿಳಿಹಳದಿ ದ್ರವ ನಿಲ್ಲುತ್ತೆ. ಅದರ ಒಂದು ಹನಿಗೆ ರಾಸಾಯನಿಕ ಬೆರೆಸಿದರೆ ಗ್ಲುಕೋಸ್ ಇದ್ದಷ್ಟು ಗುಲಾಬಿ ಬಣ್ಣ ಬರುತ್ತೆ. ಬಣ್ಣ ಎಷ್ಟು ಗಾಢ ಅಂತ ಮಷಿನ್ ಬೆಳಕು ಹಾಯಿಸಿ ಓದುತ್ತದೆ. ಎಚ್‌ಬಿಎ1ಸಿಗೆ ಬೇರೆ ಮಷಿನ್. ರಿಪೋರ್ಟ್ ಕೆಳಗೆ 'ಎಚ್‌ಪಿಎಲ್‌ಸಿ' ವಿಧಾನ ಅಂತ ಇದ್ದರೆ ಅದು ಹೆಚ್ಚು ಭರವಸೆಯ ವಿಧಾನ ಅಂತ ಲೆಕ್ಕ. ಎಲ್ಲಾ ಕಡೆ ಆ ಮಷಿನ್ ಇರೋದಿಲ್ಲ, ರಕ್ತ ಹೊರಗೆ ಕಳಿಸುತ್ತಾರೆ. ಹೋದ ಸಲ ಮಾಡಿಸಿದ ಲ್ಯಾಬಿನಲ್ಲೇ ಈ ಸಲವೂ ಮಾಡಿಸಿದರೆ ಹೋಲಿಸೋಕೆ ಸರಿ.

ಹಿರಿಯರಿಗೆ ನೆನಪಿರಬಹುದು, ಹಿಂದೆ ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಕಾಯಿಸಿ ಇಟ್ಟಿಗೆ ಬಣ್ಣ ಬಂತೋ ಅಂತ ನೋಡ್ತಿದ್ದರು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ ಮಾತ್ರ ಮೂತ್ರಕ್ಕೆ ಇಳಿಯುತ್ತೆ. 'ಮೂತ್ರಕ್ಕೆ ಇರುವೆ ಮುತ್ತಿಲ್ಲ, ನನಗೆ ಶುಗರ್ ಇಲ್ಲ' ಅನ್ನೋದು ಅದಕ್ಕೇ ನಂಬೋ ಮಾತಲ್ಲ.

ಮನೆಯ ಮೀಟರ್: ದಿನದ ದಾರಿಗೆ ಸರಿ, ತೀರ್ಪಿಗೆ ಅಲ್ಲ

ಬೆರಳು ಚುಚ್ಚೋ ಗ್ಲುಕೋಮೀಟರ್ ಕೆಟ್ಟದ್ದಲ್ಲ. ಇನ್ಸುಲಿನ್ ತಗೊಳ್ಳೋರಿಗೆ ಅದು ಬೇಕೇ ಬೇಕು. ಆದರೆ ಅಂತರರಾಷ್ಟ್ರೀಯ ಮಾನದಂಡವೇ ಅದಕ್ಕೆ, 100ರ ಮೇಲಿನ ನಂಬರಿನಲ್ಲಿ, ಶೇ 15ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ನಿಜವಾದ 200 ಮೀಟರ್‌ನಲ್ಲಿ 170 ಅಥವಾ 230 ತೋರಿಸಿದರೂ ಅದು ಕೆಟ್ಟಿದೆ ಅಂತಲ್ಲ. ಹಾಗಾಗಿ ಮಧುಮೇಹ ಇದೆ, ಇಲ್ಲ ಅಂತ ತೀರ್ಮಾನ ಮಾಡೋಕೆ ಕೈಯ ನರದಿಂದ ತೆಗೆದು ಲ್ಯಾಬಿನಲ್ಲಿ ಅಳೆದ ನಂಬರೇ ಬೇಕು.

ಮೀಟರ್ ಇಟ್ಟುಕೊಂಡವರು ನೆನಪಿಡಿ. ಬೆಲ್ಲ, ಸಕ್ಕರೆ, ಹಣ್ಣು ಮುಟ್ಟಿದ ಕೈ ತೊಳೆದು ಒರೆಸಿ ಚುಚ್ಚಿ, ಇಲ್ಲಾಂದ್ರೆ ಬೆರಳ ಮೇಲಿನ ಸಿಹಿನೇ ನಂಬರ್ ಏರಿಸುತ್ತೆ. ಸ್ಟ್ರಿಪ್ ಡಬ್ಬಿ ತಗಡಿನ ಶೀಟಿನ ಕೆಳಗೆ, ಗಾಡಿ ಡಿಕ್ಕಿಯಲ್ಲಿ ಇಡಬೇಡಿ, ಬಿಸಿ ಮತ್ತು ತೇವಕ್ಕೆ ಕೆಡುತ್ತೆ. ಅವಧಿ ದಿನಾಂಕ ನೋಡಿ. ವರ್ಷಕ್ಕೆ ಒಂದೆರಡು ಸಲ ಲ್ಯಾಬಿಗೆ ಹೋದಾಗ ಮೀಟರ್ ಒಯ್ದು, ಖಾಲಿ ಹೊಟ್ಟೆಯಲ್ಲಿ ಅದೇ ಹೊತ್ತಿಗೆ ಎರಡರಲ್ಲೂ ನೋಡಿ ತಾಳೆ ಹಾಕಿ.

ಬಸುರಿ ಹೆಣ್ಣುಮಕ್ಕಳಿಗೆ ಬೇರೆ ಲೆಕ್ಕ

ಹೊಟ್ಟೆಯಲ್ಲಿ ಕೂಸು ಇದ್ದಾಗ ಗೆರೆ ಇನ್ನೂ ಕೆಳಗೆ. ಸರ್ಕಾರದ ಮಾರ್ಗಸೂಚಿಯಲ್ಲಿ ಮೊದಲ ತಪಾಸಣೆಗೆ ಬಂದಾಗ ಒಮ್ಮೆ, ಅದು ಸರಿ ಇದ್ದರೆ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಬೇಕು ಅಂತ ಇದೆ. 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ 2 ತಾಸಿಗೆ ನೋಡುತ್ತಾರೆ. ಇದಕ್ಕೆ ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. 140 ಅಥವಾ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. 'ಸಿಹಿ ನೀರು ಕುಡಿದ್ರ ವಾಂತಿ ಬರ್ತದ' ಅಂತ ತಪ್ಪಿಸಿಕೊಳ್ಳಬೇಡಿ. ಕೂಸು ತೀರಾ ದೊಡ್ಡದಾಗಿ ಹೆರಿಗೆ ಕಷ್ಟ ಆಗೋದು, ಹುಟ್ಟಿದ ಕೂಸಿಗೆ ಸಕ್ಕರೆ ಕುಸಿಯೋದು ಇದರಿಂದಲೇ. ಹೆರಿಗೆ ಆದ 6 ವಾರಕ್ಕೆ ತಾಯಿಗೆ ಮತ್ತೆ ಪರೀಕ್ಷೆ ಆಗಬೇಕು.

ಶುಗರ್ ಇರೋರ ವರ್ಷದ ಪಟ್ಟಿ

ಸಕ್ಕರೆ ಒಂದನ್ನೇ ನೋಡಿಕೊಂಡರೆ ಸಾಲದು. ಅದು ಕೆಡಿಸೋ ಅಂಗಗಳನ್ನೂ ನೋಡಬೇಕು.

* 3ರಿಂದ 6 ತಿಂಗಳಿಗೆ: ಎಚ್‌ಬಿಎ1ಸಿ.
* ವರ್ಷಕ್ಕೊಮ್ಮೆ: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಮೂತ್ರಪಿಂಡ ಕೆಡೋ ಸುಳಿವು ಕ್ರಿಯಾಟಿನಿನ್ ಏರೋದಕ್ಕೂ ಮೊದಲು ಮೂತ್ರದ ಆಲ್ಬುಮಿನ್‌ನಲ್ಲಿ ಸಿಗುತ್ತೆ. ಆಲ್ಬುಮಿನ್-ಕ್ರಿಯಾಟಿನಿನ್ ಪ್ರಮಾಣ 30ರ ಒಳಗಿರಬೇಕು.
* ವರ್ಷಕ್ಕೊಮ್ಮೆ: ಕೊಬ್ಬಿನ ಪರೀಕ್ಷೆ.
* ವರ್ಷಕ್ಕೊಮ್ಮೆ: ಕಣ್ಣಿನ ಪರದೆ ತಪಾಸಣೆ, ಕಾಲಿನ ಸ್ಪರ್ಶ ತಪಾಸಣೆ. ಇದು ರಕ್ತ ಪರೀಕ್ಷೆ ಅಲ್ಲ, ಆದರೆ ಬಿಡೋ ಹಾಗಿಲ್ಲ.
* ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ನುಂಗೋರು: ವಿಟಮಿನ್ ಬಿ12 ಬಗ್ಗೆ ಡಾಕ್ಟರ್ ಕೇಳಿ. ಪಾದ ಜುಮ್ ಅನ್ನೋದು ಕೆಲವೊಮ್ಮೆ ಇದರಿಂದಲೂ ಬರುತ್ತೆ.

ಎಲ್ಲಿಗೆ ಹೋಗೋದು?

30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ತಪಾಸಣೆ ಮಾಡೋದು ಸರ್ಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದ ಭಾಗ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಫಾರಂ ತುಂಬಿಸೋದು ಇದಕ್ಕೇ. ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಅದರ ಕೆಲಸವೂ ಮನೆ ಬಾಗಿಲಲ್ಲಿ ತಪಾಸಣೆ. ಆಶಾ ಅಕ್ಕ ಬಂದಾಗ 'ನಮಗೇನಾಗ್ಯಾದ' ಅಂತ ಕಳಿಸಬೇಡಿ. ಮುಂದಿನ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸುರಪುರ, ಶಹಾಪುರದ ತಾಲ್ಲೂಕು ಆಸ್ಪತ್ರೆ, ಯಾದಗಿರಿಯ ಜಿಲ್ಲಾ ಆಸ್ಪತ್ರೆ ಇವೆ. ಯಾವ ಪರೀಕ್ಷೆ ಯಾವ ದಿನ ಆಗುತ್ತೆ ಅಂತ ಆಶಾ ಕಾರ್ಯಕರ್ತೆಯರ ಹತ್ತಿರ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತೆ. 104 ಆರೋಗ್ಯ ಸಹಾಯವಾಣಿಗೂ ಫೋನ್ ಮಾಡಬಹುದು.

ಖಾಸಗಿ ಲ್ಯಾಬಿಗೆ ಹೋದರೆ ಗೋಡೆ ನೋಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಲ್ಯಾಬ್‌ಗಳೂ ನೋಂದಣಿ ಮಾಡಿಸಬೇಕು, ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು. 'ಪ್ಯಾಕೇಜ್' ಅಂತ ನಲವತ್ತು ಪರೀಕ್ಷೆ ಹೇಳಿದರೆ, ಡಾಕ್ಟರ್ ಬರೆದುಕೊಟ್ಟದ್ದು ಯಾವುದೋ ಅಷ್ಟೇ ಮಾಡಿ ಅನ್ನಿ.

ಕಾಯಬಾರದ ಹೊತ್ತು

ಸಕ್ಕರೆ 70ರ ಕೆಳಗೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ರಿಪೋರ್ಟ್‌ಗೆ ಕಾಯಬೇಡಿ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ 300ರ ಮೇಲೆ ಹೋಗಿ ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು ಇದ್ದರೂ ಅದೇ ಕ್ಷಣ ಆಸ್ಪತ್ರೆಗೆ ಹೋಗಿ.

ಚೀಟಿ ಒಗೀಬೇಡಿ

ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗೋರು ನಮ್ಮಲ್ಲಿ ಸಾವಿರಾರು ಜನ. ಇಲ್ಲಿ ಒಂದು ಲ್ಯಾಬ್, ಅಲ್ಲಿ ಒಂದು ಲ್ಯಾಬ್, ಎರಡರ ನಡುವೆ ಹಳೆ ರಿಪೋರ್ಟ್ ಕಳೆದು ಹೋಗಿರುತ್ತೆ. ಹೊಸ ಡಾಕ್ಟರ್‌ಗೆ ಎಲ್ಲಾ ಮೊದಲಿಂದ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಖಿನ ಪ್ರಕಾರ ಹಾಕಿಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಒಂದು ನಂಬರಿಗಿಂತ ಎರಡು ವರ್ಷದ ಆರು ನಂಬರ್ ಡಾಕ್ಟರ್‌ಗೆ ಹೆಚ್ಚು ಹೇಳುತ್ತವೆ.

ಗಲ್ಲಾಪೆಟ್ಟಿಗೆ ಕೆಳಗೆ ಮೂರು ಚೀಟಿ ತುರುಕಿದವರು ಇದನ್ನು ಓದ್ತಾ ಇದ್ದರೆ, ಇವತ್ತೇ ಹೊರಗೆ ತೆಗೀರಿ. ಎಚ್‌ಬಿಎ1ಸಿ ಇನ್ನೊಂದು ಸಲ, ಜೊತೆಗೆ ಹಿಮೋಗ್ಲೋಬಿನ್. ಸಾಧ್ಯ ಆದರೆ ಲ್ಯಾಬಿಗೇ ಹೋಗಿ, ಬೂದು ಮುಚ್ಚಳದ ಟ್ಯೂಬಿನಲ್ಲಿ ಖಾಲಿ ಹೊಟ್ಟೆಯದ್ದೂ ಒಂದು. ಆಮೇಲೆ ಎಲ್ಲಾ ಚೀಟಿ ಹಿಡಕೊಂಡು ಡಾಕ್ಟರ್ ಹತ್ತಿರ ಹೋಗಿ. ಗೆರೆ ದಾಟಿದ್ದು ಖಾತ್ರಿ ಆದರೆ ಈಗಲೇ ಗೊತ್ತಾದದ್ದು ಲಾಭ. ಅಂಗಡಿಯಲ್ಲಿ ಲೆಕ್ಕ ತಪ್ಪಿದರೆ ತಿಂಗಳ ಕೊನೆಗೆ ಗೊತ್ತಾಗುತ್ತೆ. ಇದರಲ್ಲಿ ತಪ್ಪಿದರೆ ಕಣ್ಣು ಮಂಜಾದ ಮೇಲೆ ಗೊತ್ತಾಗೋದು.

(ಈ ಬರಹ ತಿಳಿವಳಿಕೆಗಾಗಿ ಮಾತ್ರ. ಗುಳಿಗೆ, ಇನ್ಸುಲಿನ್ ಶುರು ಮಾಡೋದು, ಬಿಡೋದು, ಡೋಸ್ ಬದಲಿಸೋದು ವೈದ್ಯರನ್ನು ಕೇಳಿಯೇ.)